ಸರ್ವರ್‌ಗೆ ಪ್ಯಾಕೇಜ್ ಹಾಕುವುದು, ತೆಗೆಯುವುದು: ‘ವೈ’ ಒತ್ತುವ ಮುಂಚೆ ಓದಬೇಕಾದ ಸಾಲುಗಳು

ಸರ್ವರ್‌ಗೆ ಒಂದು ಸಾಫ್ಟ್‌ವೇರ್ ಹಾಕುವುದಕ್ಕೆ ಒಂದೇ ಸಾಲು ಸಾಕು. ತೆಗೆಯುವುದಕ್ಕೂ ಅಷ್ಟೇ. ಆದರೆ ಆ ಸಾಲು ಬರೆದು ಎಂಟರ್ ಒತ್ತಿದ ಮೇಲೆ ಪರದೆ ತುಂಬಾ ಹೆಸರುಗಳು ಸರಸರ ಬರುತ್ತವೆ. ಕೊನೆಗೆ ‘ಮುಂದುವರಿಯಲಾ?’ ಅಂತ ಕೇಳುತ್ತದೆ. ನಾವು ಮೇಲೆ ಏನಿದೆ ಅಂತ ನೋಡದೆಯೇ ವೈ ಒತ್ತುತ್ತೇವೆ. ನಾನು ಮಾಡಿಕೊಂಡ ಎಡವಟ್ಟುಗಳಲ್ಲಿ ಬಹುಪಾಲು ಹುಟ್ಟಿದ್ದು ಆ ಒಂದು ಕ್ಷಣದಲ್ಲಿ. ಹಾಗಾಗಿ ಇಲ್ಲಿ ಕಮಾಂಡ್‌ಗಳ ಜೊತೆಗೆ ಅವು ತಿರುಗಿ ಏನು ಹೇಳುತ್ತವೆ ಅನ್ನುವುದನ್ನೂ ನೋಡೋಣ.

ಮುಖ್ಯವಾಗಿ ಡೆಬಿಯನ್ ಮತ್ತು ಉಬುಂಟು ಅನ್ನುವ ಲಿನಕ್ಸ್ ಸಿಸ್ಟಮ್‌ಗಳ ಬಗ್ಗೆ ಬರೆಯುತ್ತೇನೆ. ರೆಡ್ ಹ್ಯಾಟ್ ಕಡೆಯ ಸಿಸ್ಟಮ್‌ಗಳಲ್ಲಿ ಬೇರೆಯಾಗುವ ವಿಷಯಗಳು ಆಮೇಲೆ ಬರುತ್ತವೆ.

ಕಮಾಂಡ್‌ಗಳನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಲ್ಲವನ್ನೂ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಆಪ್ಟ್ ಅಂದರೆ ಎ, ಪಿ, ಟಿ. ಸುಡೊ ಅಂದರೆ ಎಸ್, ಯು, ಡಿ, ಒ; ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವುದಕ್ಕೆ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಪ್ರೋಗ್ರಾಂ ಅಂದರೆ ಎನ್, ಜಿ, ಐ, ಎನ್, ಎಕ್ಸ್. ಇದರ ಸ್ಪೆಲ್ಲಿಂಗ್ ತಪ್ಪದವರೇ ಇಲ್ಲ. ಅಡ್ಡಗೆರೆ ಎರಡು ಕಂಡರೆ ಎರಡನ್ನೂ ಹಾಕಿ.

ಶುರು ಮಾಡುವ ಮುಂಚೆ

ಯಾವ ಸಿಸ್ಟಮ್ ಮೇಲಿದ್ದೀರಿ ಅಂತ ಮೊದಲು ನೋಡಿ:

ಕ್ಯಾಟ್ /ಇಟಿಸಿ/ಓಎಸ್-ರಿಲೀಸ್

ಇದರಲ್ಲಿ ಹೆಸರು, ಆವೃತ್ತಿ ಎರಡೂ ಸಿಗುತ್ತವೆ. ಇನ್ನೊಬ್ಬರು ಕಟ್ಟಿಕೊಟ್ಟ ಸರ್ವರ್ ಆದರೆ ಇದು ಬೇಕೇ ಬೇಕು. ಉಬುಂಟು 24.04 ಅಂದುಕೊಂಡು ಕೂತ ಯಂತ್ರ 18.04 ಆಗಿರುವುದು ಅಪರೂಪವೇನಲ್ಲ. ಆಮೇಲೆ ‘ಡಿಎಫ್ -ಎಚ್’ ಕೊಟ್ಟು ಡಿಸ್ಕ್‌ನಲ್ಲಿ ಜಾಗ ಇದೆಯಾ ನೋಡಿ. /ವಾರ್ ಅಥವಾ /ಬೂಟ್ ತುಂಬಿದ್ದರೆ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ. ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಸರಿ ಮಾಡುವ ಕಷ್ಟ ಮಾಡಿದವರಿಗೇ ಗೊತ್ತು.

ಎಸ್‌ಎಸ್‌ಎಚ್ ಮೂಲಕ (ದೂರದಿಂದ ಸರ್ವರ್‌ಗೆ ಲಾಗಿನ್ ಆಗಿ) ಕೆಲಸ ಮಾಡುತ್ತಿದ್ದರೆ ‘ಟಿಮಕ್ಸ್’ ಅಥವಾ ‘ಸ್ಕ್ರೀನ್’ ಒಳಗೆ ಕೂತು ಮಾಡಿ. ನಡುವೆ ನೆಟ್ ಹೋದರೂ ಕೆಲಸ ಸರ್ವರ್‌ನಲ್ಲಿ ನಡೆಯುತ್ತಲೇ ಇರುತ್ತದೆ, ತಿರುಗಿ ಬಂದು ನೋಡಬಹುದು.

ಆಪ್ಟ್ ಯಾರು, ಡಿಪಿಕೆಜಿ ಯಾರು

ಡೆಬಿಯನ್‌ನಲ್ಲಿ ಕೆಲಸ ಮಾಡುವವರು ಇಬ್ಬರು. ಡಿಪಿಕೆಜಿ ಹಳಬ, 1994ರಿಂದ ಇದ್ದಾನೆ. ಕೈಗೆ ಕೊಟ್ಟ ಪ್ಯಾಕೇಜ್ (ಸಾಫ್ಟ್‌ವೇರ್‌ನ ಫೈಲ್‌ಗಳ ಕಟ್ಟು) ಬಿಚ್ಚಿ ಫೈಲ್‌ಗಳನ್ನು ಅದರದರ ಜಾಗಕ್ಕೆ ಇಡುವುದು, ಯಾವ ಫೈಲ್ ಯಾರದು ಅಂತ ಲೆಕ್ಕ ಇಡುವುದು ಅವನ ಕೆಲಸ. ಅಂಗಡಿಗೆ ಹೋಗಿ ಸಾಮಾನು ತರುವುದು ಅವನಿಗೆ ಬರುವುದಿಲ್ಲ. ಅದು ಆಪ್ಟ್‌ನ ಕೆಲಸ. ಒಂದು ಪ್ಯಾಕೇಜ್‌ಗೆ ಬೇರೆ ಏನೇನು ಬೇಕು ಅಂತ ಲೆಕ್ಕ ಹಾಕಿ, ರೆಪಾಸಿಟರಿಯಿಂದ (ಪ್ಯಾಕೇಜ್‌ಗಳನ್ನು ಇಟ್ಟಿರುವ ಆನ್‌ಲೈನ್ ಉಗ್ರಾಣ) ತಂದು, ಸಹಿ ಸರಿಯಾಗಿದೆಯಾ ಪರೀಕ್ಷಿಸಿ, ಡಿಪಿಕೆಜಿ ಕೈಗೆ ಕೊಡುತ್ತದೆ. ಹಳೆಯ ಲೇಖನಗಳಲ್ಲಿ ‘ಆಪ್ಟ್-ಗೆಟ್’ ಅಂತ ಕಾಣುತ್ತದೆ. ಈಗ ನಾವು ಬಳಸುವ ಬರೀ ‘ಆಪ್ಟ್’ ಕಮಾಂಡ್ ಬಂದಿದ್ದು 2014ರಲ್ಲಿ. ಕೈಯಲ್ಲಿ ಟೈಪ್ ಮಾಡುವಾಗ ಆಪ್ಟ್, ಸ್ಕ್ರಿಪ್ಟ್ ಒಳಗೆ ಆಪ್ಟ್-ಗೆಟ್ ಅಂತ ಇಟ್ಟುಕೊಳ್ಳಿ. ಆಪ್ಟ್‌ನ ಔಟ್‌ಪುಟ್ ರೂಪ ಆಗಾಗ ಬದಲಾಗುತ್ತದೆ, ಅದನ್ನು ನಂಬಿ ಬರೆದ ಸ್ಕ್ರಿಪ್ಟ್ ಒಂದು ದಿನ ಮುರಿಯುತ್ತದೆ.

ಪಟ್ಟಿ ಹೊಸದು ಮಾಡಿ

ಸುಡೊ ಆಪ್ಟ್ ಅಪ್‌ಡೇಟ್

ಇದು ಯಾವ ಸಾಫ್ಟ್‌ವೇರ್ ಅನ್ನೂ ಅಪ್‌ಡೇಟ್ ಮಾಡುವುದಿಲ್ಲ. ಹೆಸರು ನೋಡಿ ಎಲ್ಲರೂ ಹಾಗಂದುಕೊಳ್ಳುತ್ತಾರೆ. ರೆಪಾಸಿಟರಿಯಲ್ಲಿ ಈಗ ಏನೇನಿದೆ ಅನ್ನುವ ಪಟ್ಟಿಯನ್ನು ಮಾತ್ರ ತರುತ್ತದೆ. ಸಾಫ್ಟ್‌ವೇರ್ ಹೊಸದಾಗುವುದು ‘ಆಪ್ಟ್ ಅಪ್‌ಗ್ರೇಡ್’ ಕೊಟ್ಟಾಗ. ಪಟ್ಟಿ ಹಳತಾಗಿದ್ದರೆ ಇನ್‌ಸ್ಟಾಲ್ ಕೊಟ್ಟಾಗ 404 ಅಂತ ಬರುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಆವೃತ್ತಿ ಸರ್ವರ್‌ನಿಂದ ಆಗಲೇ ಹೋಗಿರುತ್ತದೆ, ಅಷ್ಟೇ. ಹೊಸ ಕ್ಲೌಡ್ ಯಂತ್ರಗಳಲ್ಲಿ, ಕಂಟೇನರ್‌ಗಳಲ್ಲಿ ‘ಅನೇಬಲ್ ಟು ಲೊಕೇಟ್ ಪ್ಯಾಕೇಜ್’ ಅಂತ ಬಂದರೆ ಹತ್ತರಲ್ಲಿ ಎಂಟು ಸಲ ಕಾರಣ ಇದೇ.

ಔಟ್‌ಪುಟ್‌ನಲ್ಲಿ ‘ಹಿಟ್’ ಅಂದರೆ ಪಟ್ಟಿ ಬದಲಾಗಿಲ್ಲ, ‘ಗೆಟ್’ ಅಂದರೆ ಹೊಸದು ತಂದಿತು. ‘ಇಆರ್‌ಆರ್’ ಅಂತ ಶುರುವಾಗುವ ಸಾಲು ಕಂಡರೆ ಅಲ್ಲೇ ನಿಲ್ಲಿ. ಆ ರೆಪಾಸಿಟರಿ ಸಿಗುತ್ತಿಲ್ಲ ಅಂತ ಅರ್ಥ. ಸರಿ ಮಾಡದೆ ಮುಂದೆ ಹೋದರೆ ಹಳೆ ಪಟ್ಟಿ ಹಿಡಿದುಕೊಂಡೇ ಕೆಲಸ ನಡೆಯುತ್ತದೆ.

ಏನು ಬರುತ್ತದೆ ಅಂತ ಮೊದಲೇ ಕೇಳಿ

ಹೆಸರು ಗೊತ್ತಿಲ್ಲದಿದ್ದರೆ ‘ಆಪ್ಟ್ ಸರ್ಚ್’, ವಿವರ ಬೇಕಾದರೆ ‘ಆಪ್ಟ್ ಶೋ’. ಆದರೆ ನಾನು ಜಾಸ್ತಿ ಬಳಸುವುದು ಇದನ್ನು:

ಆಪ್ಟ್ ಪಾಲಿಸಿ ಎಂಜಿನ್‌ಎಕ್ಸ್

ಈಗ ಯಾವ ಆವೃತ್ತಿ ಇದೆ, ಹಾಕಿದರೆ ಯಾವುದು ಬರುತ್ತದೆ, ಅದು ಯಾವ ರೆಪಾಸಿಟರಿಯಿಂದ ಬರುತ್ತದೆ ಅಂತ ನಾಲ್ಕಾರು ಸಾಲಿನಲ್ಲಿ ಹೇಳುತ್ತದೆ. ‘ಇನ್‌ಸ್ಟಾಲ್ಡ್’ ಎದುರು ‘ನನ್’ ಅಂತಿದ್ದರೆ ಇನ್ನೂ ಹಾಕಿಲ್ಲ. ‘ಕ್ಯಾಂಡಿಡೇಟ್’ ಎದುರು ಇರುವುದೇ ಬರಲಿರುವ ಆವೃತ್ತಿ. ಹೊರಗಿನ ರೆಪಾಸಿಟರಿ ಸೇರಿಸಿದ್ದೀರಾ, ಆದರೂ ಹಳೆ ಆವೃತ್ತಿಯೇ ಬರುತ್ತಿದೆಯಾ? ಉತ್ತರ ಇಲ್ಲೇ ಇರುತ್ತದೆ.

ಇನ್ನು ನಾಟಕದ ಓಟ:

ಆಪ್ಟ್ ಇನ್‌ಸ್ಟಾಲ್ --ಡ್ರೈ-ರನ್ ಪಿಎಚ್‌ಪಿ

ಸುಡೊ ಕೂಡ ಬೇಡ. ಏನನ್ನೂ ಮುಟ್ಟದೆ, ಮುಟ್ಟಿದ್ದರೆ ಏನಾಗುತ್ತಿತ್ತು ಅಂತ ತೋರಿಸುತ್ತದೆ. ‘ಇನ್‌ಸ್ಟ್’ ಅಂತ ಶುರುವಾಗುವ ಸಾಲುಗಳು ಬರುವ ಪ್ಯಾಕೇಜ್‌ಗಳು. ‘ರೆಮ್‌ವ್’ ಅಂತ ಶುರುವಾಗುವವು ಹೋಗುವಂಥವು. ಪಿಎಚ್‌ಪಿ (ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆ) ಉದಾಹರಣೆಯನ್ನು ಬೇಕಂತಲೇ ತೆಗೆದುಕೊಂಡಿದ್ದೇನೆ. ಅದರ ಹಿಂದೆ ಒಂದು ಕಥೆ ಇದೆ.

ನನ್ನ ಒಂದು ಸರ್ವರ್‌ನಲ್ಲಿ ಎಂಜಿನ್‌ಎಕ್ಸ್ ಓಡುತ್ತಿತ್ತು. ಒಂದು ಚಿಕ್ಕ ಫಾರ್ಮ್‌ಗೆ ಪಿಎಚ್‌ಪಿ ಬೇಕಾಯಿತು. ‘ಆಪ್ಟ್ ಇನ್‌ಸ್ಟಾಲ್ -ವೈ ಪಿಎಚ್‌ಪಿ’ ಅಂತ ಹೊಡೆದೆ. ಆ ‘-ವೈ’ ಇದೆಯಲ್ಲ, ಕೇಳುವ ಪ್ರಶ್ನೆಗೆಲ್ಲ ಹೂಂ ಅನ್ನುವುದು, ಅದೇ ಮಾಡಿದ್ದು. ಡೆಬಿಯನ್‌ನಲ್ಲಿ ‘ಪಿಎಚ್‌ಪಿ’ ಅನ್ನುವ ಪ್ಯಾಕೇಜ್‌ಗೆ ಮೂರರಲ್ಲಿ ಒಂದು ಬೇಕು: ಅಪಾಚಿಯ (ಇದು ಇನ್ನೊಂದು ವೆಬ್ ಸರ್ವರ್) ಪಿಎಚ್‌ಪಿ ಮಾಡ್ಯೂಲ್, ಇಲ್ಲ ಪಿಎಚ್‌ಪಿ-ಎಫ್‌ಪಿಎಂ, ಇಲ್ಲ ಪಿಎಚ್‌ಪಿ-ಸಿಜಿಐ. ಯಾವುದೂ ಇಲ್ಲದಿದ್ದರೆ ಆಪ್ಟ್ ಸಾಲಿನಲ್ಲಿ ಮೊದಲಿರುವುದನ್ನು ಎತ್ತಿಕೊಳ್ಳುತ್ತದೆ. ಮೊದಲಿರುವುದು ಅಪಾಚಿಯ ಮಾಡ್ಯೂಲ್. ಅದರ ಹಿಂದೆ ಇಡೀ ಅಪಾಚಿ ಬಂತು.

80ನೇ ಪೋರ್ಟ್‌ನಲ್ಲಿ (ವೆಬ್ ಸಂಪರ್ಕಗಳು ಬರುವ ಬಾಗಿಲು) ಎಂಜಿನ್‌ಎಕ್ಸ್ ಕೂತಿದ್ದರಿಂದ ಆ ದಿನ ಅಪಾಚಿಗೆ ಏಳಲು ಆಗಲಿಲ್ಲ. ಸೈಟ್ ಚೆನ್ನಾಗಿಯೇ ಇತ್ತು, ನನಗೂ ಗೊತ್ತಾಗಲಿಲ್ಲ. ಎರಡು ವಾರದ ಮೇಲೆ ಕರ್ನಲ್ ಅಪ್‌ಡೇಟ್‌ಗೆ ಅಂತ ರೀಬೂಟ್ ಮಾಡಿದೆ. ಈ ಸಲ ಅಪಾಚಿ ಮೊದಲು ಎದ್ದಿತು, ಪೋರ್ಟ್ ಹಿಡಿದುಕೊಂಡಿತು. ಸೈಟ್ ತೆರೆದರೆ ‘ಇಟ್ ವರ್ಕ್ಸ್!’ ಅನ್ನುವ ಅಪಾಚಿಯ ಡೀಫಾಲ್ಟ್ ಪುಟ. ಎಂಜಿನ್‌ಎಕ್ಸ್ ಲಾಗ್‌ನಲ್ಲಿ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’. ಅಪಾಚಿಯನ್ನು ನಾನು ಹಾಕಿಯೇ ಇಲ್ಲ ಅಂತ ಅರ್ಧ ಗಂಟೆ ವಾದ ಮಾಡಿದೆ, ನನ್ನ ಜೊತೆಗೇ.

ಎಂಜಿನ್‌ಎಕ್ಸ್ ಜೊತೆಗೆ ಪಿಎಚ್‌ಪಿ ಬೇಕಾದರೆ ಕೇಳಬೇಕಾದ್ದು ಇದು:

ಸುಡೊ ಆಪ್ಟ್ ಇನ್‌ಸ್ಟಾಲ್ ಪಿಎಚ್‌ಪಿ-ಎಫ್‌ಪಿಎಂ

ಡ್ರೈ ರನ್‌ನಲ್ಲಿ ‘ಅಪಾಚಿ2’ ಅನ್ನುವ ಹೆಸರು ಕಣ್ಣಿಗೆ ಬಿದ್ದಿದ್ದರೆ ಅಂದೇ ಮುಗಿಯುತ್ತಿತ್ತು.

ಇನ್‌ಸ್ಟಾಲ್

ಸುಡೊ ಆಪ್ಟ್ ಇನ್‌ಸ್ಟಾಲ್ ಎಂಜಿನ್‌ಎಕ್ಸ್

ಪ್ರಶ್ನೆ ಕೇಳುವ ಮುಂಚೆ ಬರುವ ಗುಂಪುಗಳಲ್ಲಿ ಮೊದಲು ಹುಡುಕಬೇಕಾದ್ದು ‘ರಿಮೂವ್ಡ್’ ಅನ್ನುವ ಪದ. ಆಪ್ಟ್ ಅದನ್ನು ದೊಡ್ಡಕ್ಷರದಲ್ಲೇ ಬರೆಯುತ್ತದೆ. 2025ರಲ್ಲಿ ಬಂದ ಆಪ್ಟ್ 3.0ದಲ್ಲಿ ಆ ಪದ ‘ರಿಮೂವಿಂಗ್’ ಆಗಿದೆ, ತೆಗೆಯುವ ಹೆಸರುಗಳು ಕೆಂಪಗೆ ಕಾಣುತ್ತವೆ. ಹೊಸದು ಹಾಕಲು ಹೋದಾಗ ಹಳೆಯದು ಯಾಕೆ ಹೋಗುತ್ತಿದೆ ಅಂತ ಅರ್ಥವಾಗದಿದ್ದರೆ ಎನ್ ಒತ್ತಿ. ಆಮೇಲೆ ಕೊನೆಯ ಸಾಲಿನ ನಾಲ್ಕು ಅಂಕಿ ನೋಡಿ: ಎಷ್ಟು ಅಪ್‌ಗ್ರೇಡ್, ಎಷ್ಟು ಹೊಸದು, ಎಷ್ಟು ತೆಗೆಯುವುದು, ಎಷ್ಟು ಬಿಟ್ಟಿದ್ದು. ಮೂರನೆಯದು ಸೊನ್ನೆ ಇದ್ದರೆ ಅರ್ಧ ಚಿಂತೆ ಕಳೆಯಿತು.

ಪ್ಯಾಕೇಜ್ ತೀರಾ ಬೇಕು ಅನ್ನುವವುಗಳ ಜೊತೆಗೆ ‘ಇದ್ದರೆ ಒಳ್ಳೆಯದು’ ಅನ್ನುವವೂ ಬರುತ್ತವೆ. ಅವು ಬೇಡ ಅನ್ನುವವರು ‘--ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ ಸೇರಿಸಬಹುದು. ಕಂಟೇನರ್‌ಗಳಲ್ಲಿ ಇದು ಒಳ್ಳೆಯ ಅಭ್ಯಾಸ. ಮಾಮೂಲಿ ಸರ್ವರ್‌ನಲ್ಲಿ ನಾನು ಸೇರಿಸುವುದಿಲ್ಲ. ಯಾವುದೋ ಚಿಕ್ಕ ಪೂರಕ ಪ್ಯಾಕೇಜ್ ಇಲ್ಲದೆ ಏನೋ ಕೆಲಸ ಮಾಡದಿದ್ದರೆ ಅದನ್ನು ಹುಡುಕುವ ಸಮಯಕ್ಕಿಂತ ಡಿಸ್ಕ್ ಜಾಗ ಅಗ್ಗ.

ಡೆಬಿಯನ್, ಉಬುಂಟುನಲ್ಲಿ ಒಂದು ವಿಶೇಷ ಇದೆ. ಇನ್‌ಸ್ಟಾಲ್ ಮುಗಿದ ತಕ್ಷಣ ಸರ್ವಿಸ್ ತಾನೇ ಶುರುವಾಗುತ್ತದೆ, ರೀಬೂಟ್ ಆದ ಮೇಲೂ ಏಳುವ ಹಾಗೆ ಗುರುತಾಗುತ್ತದೆ. ನೀವು ಕಾನ್ಫಿಗ್ ಫೈಲ್ (ಸೆಟ್ಟಿಂಗ್‌ಗಳಿರುವ ಫೈಲ್) ಒಂದು ಸಲ ತೆರೆದು ನೋಡುವ ಮುಂಚೆಯೇ ಅದು ನೆಟ್‌ವರ್ಕ್‌ನಲ್ಲಿ ಕಿವಿ ತೆರೆದು ಕೂತಿರುತ್ತದೆ. ಇದು ಬೇಡ ಅಂದರೆ ಹಾಕುವ ಮುಂಚೆಯೇ ಬಾಯಿ ಕಟ್ಟಿಬಿಡಿ:

ಸುಡೊ ಸಿಸ್ಟಮ್‌ಸಿಟಿಎಲ್ ಮಾಸ್ಕ್ ಎಂಜಿನ್‌ಎಕ್ಸ್

ಅಂಥ ಸರ್ವಿಸ್ ಇಲ್ಲ ಅಂತ ಗೊಣಗುತ್ತದೆ, ಆದರೆ ಕೆಲಸ ಮಾಡುತ್ತದೆ. ಈಗ ಇನ್‌ಸ್ಟಾಲ್ ಮಾಡಿ, ಕಾನ್ಫಿಗ್ ತಿದ್ದಿ. ಎಲ್ಲ ಸರಿ ಅನ್ನಿಸಿದಾಗ ‘ಅನ್‌ಮಾಸ್ಕ್’ ಕೊಟ್ಟು, ‘ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಎಂಜಿನ್‌ಎಕ್ಸ್’ ಅಂತ ಎಬ್ಬಿಸಿ.

ಹಾಕಿದ ಮೇಲೆ ಎರಡು ಪರೀಕ್ಷೆ. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಂಜಿನ್‌ಎಕ್ಸ್’ ಬದುಕಿದೆಯಾ ಅಂತ ಹೇಳುತ್ತದೆ. ‘ಸುಡೊ ಎಸ್‌ಎಸ್ -ಟಿಎಲ್‌ಎನ್‌ಪಿ’ ಯಾರು ಯಾವ ಪೋರ್ಟ್‌ನಲ್ಲಿ ಕೂತಿದ್ದಾರೆ ಅಂತ ಹೇಳುತ್ತದೆ. ಎರಡನೆಯದರಲ್ಲಿ ವಿಳಾಸದ ಕಾಲಂ ನೋಡಿ. 127.0.0.1 ಇದ್ದರೆ ಆ ಯಂತ್ರದ ಒಳಗಿನವರಿಗೆ ಮಾತ್ರ. 0.0.0.0 ಇದ್ದರೆ ಎಲ್ಲ ಕಡೆಯಿಂದಲೂ. ವೆಬ್ ಸರ್ವರ್‌ಗೆ ಎರಡನೆಯದು ಸರಿ, ಡೇಟಾಬೇಸ್‌ಗೆ ಸಾಮಾನ್ಯವಾಗಿ ಅಲ್ಲ.

ಆವೃತ್ತಿ ಹಿಡಿದಿಡುವುದು

ನಿರ್ದಿಷ್ಟ ಆವೃತ್ತಿಯೇ ಬೇಕಾದರೆ ಪ್ಯಾಕೇಜ್ ಹೆಸರಿನ ನಂತರ ಸಮ ಚಿಹ್ನೆ ಹಾಕಿ ಆವೃತ್ತಿ ಬರೆಯಿರಿ. ಯಾವ್ಯಾವ ಆವೃತ್ತಿ ಸಿಗುತ್ತದೆ ಅನ್ನುವುದು ‘ಆಪ್ಟ್ ಪಾಲಿಸಿ’ಯಲ್ಲೇ ಇರುತ್ತದೆ. ಅದು ಮುಂದಿನ ಅಪ್‌ಗ್ರೇಡ್‌ನಲ್ಲಿ ಬದಲಾಗಬಾರದು ಅಂದರೆ:

ಸುಡೊ ಆಪ್ಟ್-ಮಾರ್ಕ್ ಹೋಲ್ಡ್ ಎಂಜಿನ್‌ಎಕ್ಸ್

ಬಿಡಿಸುವುದಕ್ಕೆ ‘ಅನ್‌ಹೋಲ್ಡ್’. ಹಿಡಿದಿಟ್ಟವುಗಳ ಪಟ್ಟಿಗೆ ‘ಆಪ್ಟ್-ಮಾರ್ಕ್ ಶೋಹೋಲ್ಡ್’. ಹೋಲ್ಡ್ ಹಾಕಿದ ಪ್ಯಾಕೇಜ್‌ಗೆ ಭದ್ರತಾ ಅಪ್‌ಡೇಟ್ ಕೂಡ ಬರುವುದಿಲ್ಲ ಅನ್ನುವುದು ನೆನಪಿರಲಿ. ಯಾವಾಗಲೋ ಹಾಕಿ ಮರೆತ ಹೋಲ್ಡ್‌ಗಳು ಹಳೆ ಸರ್ವರ್‌ಗಳಲ್ಲಿ ಬೇಕಾದಷ್ಟು ಸಿಗುತ್ತವೆ.

ಅಪ್‌ಗ್ರೇಡ್ ನಡುವೆ ಬರುವ ಪ್ರಶ್ನೆ

ನೀವು ತಿದ್ದಿದ ಕಾನ್ಫಿಗ್ ಫೈಲ್‌ಗೆ ಪ್ಯಾಕೇಜ್‌ನವರೂ ಹೊಸ ರೂಪ ಕೊಟ್ಟಿದ್ದರೆ ಡಿಪಿಕೆಜಿ ನಿಂತು ಕೇಳುತ್ತದೆ. ವೈ ಅಂದರೆ ಅವರದ್ದು ಹಾಕು, ಎನ್ ಅಂದರೆ ನನ್ನದು ಇರಲಿ, ಡಿ ಅಂದರೆ ವ್ಯತ್ಯಾಸ ತೋರಿಸು. ಇಲ್ಲಿ ಮಾತ್ರ ವೈ ಒತ್ತುವ ಕೈಚಟ ದುಬಾರಿ. ಎಸ್‌ಎಸ್‌ಎಚ್ ಕಾನ್ಫಿಗ್‌ಗೆ ವೈ ಒತ್ತಿ, ತಾನೇ ಬದಲಾಯಿಸಿಕೊಂಡಿದ್ದ ಪೋರ್ಟ್ ಕಳೆದುಕೊಂಡು, ಸರ್ವರ್ ಹೊರಗೆ ನಿಂತವರಿದ್ದಾರೆ. ಸುಮ್ನೆ ಎಂಟರ್ ಒತ್ತಿದರೆ ಎನ್ ಅಂತಲೇ ಲೆಕ್ಕ. ನಿಮ್ಮ ಫೈಲ್ ಉಳಿಯುತ್ತದೆ, ಅವರ ಹೊಸದು ಪಕ್ಕದಲ್ಲೇ ‘.ಡಿಪಿಕೆಜಿ-ಡಿಸ್ಟ್’ ಅನ್ನುವ ಬಾಲ ಹೊತ್ತು ಕೂರುತ್ತದೆ. ಬಿಡುವಾದಾಗ ಎರಡನ್ನೂ ಹೋಲಿಸಿ ನೋಡಿ.

ಉಬುಂಟು 22.04ರಲ್ಲಿ ಅಪ್‌ಗ್ರೇಡ್ ಕೊನೆಗೆ ಯಾವ ಸರ್ವಿಸ್ ರೀಸ್ಟಾರ್ಟ್ ಮಾಡಲಿ ಅಂತ ಒಂದು ನೇರಳೆ ಪರದೆಯೂ ಬರುತ್ತದೆ. ಅದು ಕೆಟ್ಟು ನಿಂತಿದ್ದಲ್ಲ. ಲೈಬ್ರರಿ ಹೊಸದಾದರೂ ಓಡುತ್ತಿರುವ ಸರ್ವಿಸ್ ಹಳೆಯದನ್ನೇ ಮೆಮೊರಿಯಲ್ಲಿ ಹಿಡಿದಿರುತ್ತದೆ, ಅದಕ್ಕೆ ಕೇಳುತ್ತದೆ. ಟ್ಯಾಬ್ ಒತ್ತಿ ಮುಂದೆ ಹೋಗಿ.

ಸಿಕ್ಕಿಹಾಕಿಕೊಂಡರೆ

‘ಕುಡ್ ನಾಟ್ ಗೆಟ್ ಲಾಕ್’ ಅಂತ ಬಂದರೆ ಇನ್ನೊಬ್ಬರು ಅದೇ ಕೆಲಸದಲ್ಲಿದ್ದಾರೆ ಅಂತ ಅರ್ಥ. ಬಹಳ ಸಲ ಅದು ತಾನೇ ಓಡುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್. ಹೊಸ ಯಂತ್ರ ಮೊದಲ ಸಲ ಎದ್ದ ಕೂಡಲೇ ಇದು ಜಾಸ್ತಿ. ಸ್ವಲ್ಪ ಹೊತ್ತು ಕಾಯಿರಿ. ಲಾಕ್ ಫೈಲ್ ಅಳಿಸಿ ಅಂತ ಹೇಳಿಕೊಡುವವರು ಬಹಳ ಜನ. ಬೇಡ. ಇಬ್ಬರೂ ಒಟ್ಟಿಗೆ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದರೆ ಪುಸ್ತಕವೇ ಹಾಳು.

ನಡುವೆ ನಿಂತ ಇನ್‌ಸ್ಟಾಲ್‌ಗೆ ಈ ಎರಡನ್ನು ಇದೇ ಕ್ರಮದಲ್ಲಿ ಕೊಡಿ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಮೊದಲನೆಯದು ಬಿಚ್ಚಿಟ್ಟು ಜೋಡಿಸದೆ ಬಿಟ್ಟವನ್ನು ಜೋಡಿಸುತ್ತದೆ. ಎರಡನೆಯದು ತಪ್ಪಿಹೋದ ಅವಲಂಬನೆಗಳನ್ನು ತಂದುಕೊಡುತ್ತದೆ. ಅದು ಏನಾದರೂ ತೆಗೆಯುತ್ತೇನೆ ಅಂದರೆ ಆ ಪಟ್ಟಿಯನ್ನೂ ಓದಿ.

ತೆಗೆಯುವುದು

ಹಾಕುವಾಗ ತಪ್ಪಿದರೆ ತೆಗೆಯಬಹುದು. ತೆಗೆಯುವಾಗ ತಪ್ಪಿದರೆ? ಅದಕ್ಕೇ ಇಲ್ಲಿ ನಿಧಾನ.

ಮೂರು ಪದ ಗೊತ್ತಿರಬೇಕು. ‘ರಿಮೂವ್’ ಪ್ರೋಗ್ರಾಂ ತೆಗೆಯುತ್ತದೆ, ಕಾನ್ಫಿಗ್ ಫೈಲ್ ಬಿಡುತ್ತದೆ. ‘ಪರ್ಜ್’ ಕಾನ್ಫಿಗ್ ಕೂಡ ತೆಗೆಯುತ್ತದೆ. ‘ಆಟೋರಿಮೂವ್’ ಬೇರೆಯವರಿಗಾಗಿ ಬಂದು ಈಗ ಯಾರಿಗೂ ಬೇಡವಾದ ಪ್ಯಾಕೇಜ್‌ಗಳನ್ನು ಗುಡಿಸುತ್ತದೆ. ನಾಳೆ ಮತ್ತೆ ಹಾಕಬಹುದು ಅಂತಿದ್ದರೆ ರಿಮೂವ್ ಸಾಕು. ಪೂರ್ತಿ ಕೈ ತೊಳೆದುಕೊಳ್ಳಬೇಕಾದರೆ ಪರ್ಜ್.

ಪುಸ್ತಕದ ಪಾಠ ಇಷ್ಟೇ. ನಿಜವಾದ ಸರ್ವರ್‌ನಲ್ಲಿ ಏನಾಗುತ್ತದೆ ಅಂತ ಉಬುಂಟು 24.04ರ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಟ್ಟುಕೊಂಡು ನೋಡೋಣ.

‘ಸುಡೊ ಆಪ್ಟ್ ಪರ್ಜ್ ಪೋಸ್ಟ್‌ಗ್ರೆಸ್‌ಕ್ಯೂಎಲ್’ ಅಂತ ಕೊಟ್ಟಿರಿ. ಒಂದು ಪ್ಯಾಕೇಜ್ ತೆಗೆಯುತ್ತೇನೆ, ಕೆಲವೇ ಕಿಲೋಬೈಟ್ ಜಾಗ ಸಿಗುತ್ತದೆ ಅನ್ನುತ್ತದೆ. ನೀವು ವೈ ಒತ್ತುತ್ತೀರಿ, ಕ್ಷಣದಲ್ಲಿ ಮುಗಿಯುತ್ತದೆ. ಈಗ ‘ಎಸ್‌ಎಸ್ -ಟಿಎಲ್‌ಎನ್‌ಪಿ’ ನೋಡಿದರೆ 5432ನೇ ಪೋರ್ಟ್‌ನಲ್ಲಿ ಡೇಟಾಬೇಸ್ ಆರಾಮವಾಗಿ ಕೂತಿದೆ! ಏನಾಯಿತು? ‘ಪೋಸ್ಟ್‌ಗ್ರೆಸ್‌ಕ್ಯೂಎಲ್’ ಅನ್ನುವುದು ಬರೀ ಹೆಸರಿನ ಚೀಟಿ. ಒಳಗೆ ಏನೂ ಇಲ್ಲ, ‘ನನಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್-16 ಬೇಕು’ ಅನ್ನುವ ಮಾತು ಮಾತ್ರ. ನೀವು ಚೀಟಿ ಹರಿದಿರಿ, ಡಬ್ಬಿ ಅಲ್ಲೇ ಇದೆ. ಸುಳಿವು ಮೊದಲೇ ಇತ್ತು: ಒಂದು ಡೇಟಾಬೇಸ್ ಸರ್ವರ್ ಹೋದರೆ ಖಾಲಿಯಾಗುವುದು ಕೆಲವು ಕಿಲೋಬೈಟ್ ಅಲ್ಲ, ಅಲ್ವಾ?

ಅಪಾಯ ಮುಂದಿದೆ. ಚೀಟಿ ಹೋದ ಮೇಲೂ ಆ ಡಬ್ಬಿ ಯಾರ ಗಮನಕ್ಕೂ ಬರದೆ ಉಳಿಯುತ್ತದೆ. ತಿಂಗಳ ಮೇಲೆ ಯಾರೋ ಜಾಗ ಖಾಲಿ ಮಾಡೋಣ ಅಂತ ‘ಪರ್ಜ್ ಪೋಸ್ಟ್‌ಗ್ರೆಸ್‌ಕ್ಯೂಎಲ್-16’ ಕೊಡುತ್ತಾರೆ. ಪೋಸ್ಟ್‌ಗ್ರೆಸ್ ಪರ್ಜ್ ಆಗುವಾಗ ಡೇಟಾ ಇರುವ ಡೈರೆಕ್ಟರಿಯನ್ನೂ ಅಳಿಸಲಾ ಅಂತ ಒಂದು ಪರದೆ ಕೇಳುತ್ತದೆ. ಅಲ್ಲಿ ಅವಸರ ಮಾಡಿದರೆ ಡೇಟಾಬೇಸ್ ಹೋಯಿತು. ಮರಿಯಾಡಿಬಿ ಕೂಡ ಇಂಥದೇ ಪ್ರಶ್ನೆ ಕೇಳುತ್ತದೆ. ಪ್ರಶ್ನೆ ಕೇಳದಂತೆ ಮಾಡಿದ ಸ್ಕ್ರಿಪ್ಟ್ ಆದರೆ ನಿಮಗೆ ಆ ಪರದೆಯೂ ಕಾಣುವುದಿಲ್ಲ.

ಹಾಗಾಗಿ ಡೇಟಾಬೇಸ್ ತೆಗೆಯುವಾಗ ನಾನು ಹೀಗೆ ಮಾಡುತ್ತೇನೆ. ಮೊದಲು ಎಲ್ಲ ಡೇಟಾ ಒಂದು ಫೈಲ್‌ಗೆ:

ಸುಡೊ -ಯು ಪೋಸ್ಟ್‌ಗ್ರೆಸ್ ಪಿಜಿ_ಡಂಪ್‌ಆಲ್ > ಎಲ್ಲಾ.ಎಸ್‌ಕ್ಯೂಎಲ್

ಆ ಫೈಲ್‌ನ ಗಾತ್ರ ನೋಡಿ. ‘ಟೇಲ್’ ಕೊಟ್ಟು ಕೊನೆಯ ಸಾಲು ಓದಿ. ಪೂರ್ತಿಯಾಗಿದ್ದರೆ ಡಂಪ್ ಮುಗಿಯಿತು ಅಂತ ಅಲ್ಲೇ ಬರೆದಿರುತ್ತದೆ. ಸೊನ್ನೆ ಬೈಟ್‌ನ ಬ್ಯಾಕಪ್ ಇಟ್ಟುಕೊಂಡು ಧೈರ್ಯವಾಗಿದ್ದವರು ನನಗೆ ಗೊತ್ತು. ಫೈಲನ್ನು ಬೇರೆ ಯಂತ್ರಕ್ಕೆ ಕಾಪಿ ಮಾಡಿ. ಅದೇ ಡಿಸ್ಕ್‌ನಲ್ಲಿಟ್ಟರೆ ಬ್ಯಾಕಪ್ ಅನ್ನಬೇಡಿ.

ಆಮೇಲೆ ‘ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ’ ಕೊಟ್ಟು ಸರ್ವಿಸ್ ನಿಲ್ಲಿಸಿ, ಹಾಗೇ ಒಂದೆರಡು ದಿನ ಬಿಡಿ. ಯಾರಾದರೂ ಬಳಸುತ್ತಿದ್ದರೆ ಈ ಹೊತ್ತಿಗೆ ಫೋನ್ ಬರುತ್ತದೆ. ಫೋನ್ ಬಂದರೆ ಒಂದು ಕಮಾಂಡ್‌ನಲ್ಲಿ ತಿರುಗಿ ಎಬ್ಬಿಸಬಹುದು. ಯಾರಿಗೂ ಬೇಡ ಅಂದುಕೊಂಡ ಡೇಟಾಬೇಸ್ ತಿಂಗಳಿಗೊಮ್ಮೆ ಓಡುವ ಯಾವುದೋ ವರದಿಗೆ ಬೇಕಾಗಿರುತ್ತದೆ.

ಈಗ ನಿಜವಾಗಿ ಏನೇನು ಕೂತಿದೆ ನೋಡಿ:

ಡಿಪಿಕೆಜಿ --ಲಿಸ್ಟ್ | ಗ್ರೆಪ್ ಪೋಸ್ಟ್‌ಗ್ರೆಸ್

ಎಡಗಡೆ ‘ಐಐ’ ಅಂತಿದ್ದರೆ ಪ್ಯಾಕೇಜ್ ಸರಿಯಾಗಿ ಇದೆ. ‘ಆರ್‌ಸಿ’ ಅಂತಿದ್ದರೆ ತೆಗೆದಾಗಿದೆ, ಕಾನ್ಫಿಗ್ ಮಾತ್ರ ಉಳಿದಿದೆ. ಐಐ ಇರುವವುಗಳಲ್ಲಿ ಬೇಡದ್ದನ್ನು ಹೆಸರು ಹಿಡಿದು ಪರ್ಜ್ ಮಾಡಿ. ಮುಂಚೆ ಅದನ್ನೇ ‘--ಡ್ರೈ-ರನ್’ ಸೇರಿಸಿ ಓಡಿಸಿ. ಕ್ಲೈಂಟ್ ಲೈಬ್ರರಿಯನ್ನು ಬೇರೆ ಪ್ರೋಗ್ರಾಂ ಬಳಸುತ್ತಿದ್ದರೆ ಅದೂ ಹೊರಡುವ ಪಟ್ಟಿಯಲ್ಲಿ ಕಾಣುತ್ತದೆ. ನಕ್ಷತ್ರ ಚಿಹ್ನೆ ಹಾಕಿ ‘ಪೋಸ್ಟ್‌ಗ್ರೆಸ್*’ ಅಂತ ಹೊಡೆಯುವುದು ಸುಲಭ, ಆದರೆ ಅದು ಎಲ್ಲಿಯವರೆಗೆ ಕೈ ಚಾಚುತ್ತದೆ ಅಂತ ಡ್ರೈ ರನ್ ನೋಡದೆ ಹೇಳಲಾಗದು.

ಎಂಜಿನ್‌ಎಕ್ಸ್‌ನಲ್ಲೂ ಇಂಥದೊಂದಿದೆ. ‘ಪರ್ಜ್ ಎಂಜಿನ್‌ಎಕ್ಸ್’ ಕೊಟ್ಟರೂ /ಇಟಿಸಿ/ಎಂಜಿನ್‌ಎಕ್ಸ್ ಹಾಗೇ ಇರುತ್ತದೆ. ಆ ಫೈಲ್ ಯಾರದ್ದು ಅಂತ ಕೇಳಿ ನೋಡಿ:

ಡಿಪಿಕೆಜಿ --ಸರ್ಚ್ /ಇಟಿಸಿ/ಎಂಜಿನ್‌ಎಕ್ಸ್/ಎಂಜಿನ್‌ಎಕ್ಸ್.ಕಾನ್ಫ್

ಉತ್ತರ ‘ಎಂಜಿನ್‌ಎಕ್ಸ್-ಕಾಮನ್’. ಅದನ್ನೂ ಸೇರಿಸಿ ಪರ್ಜ್ ಮಾಡಬೇಕು. ಮಾಡಿದರೆ ನೀವೇ ಬರೆದ ಸೈಟ್ ಫೈಲ್‌ಗಳೂ ಲಾಗ್‌ಗಳೂ ಹೋಗಬಹುದು. ಆದ್ದರಿಂದ ಮೊದಲು ‘ಟಾರ್’ ಕೊಟ್ಟು ಇಡೀ ಡೈರೆಕ್ಟರಿಯ ಒಂದು ಪ್ರತಿ ತೆಗೆದಿಡಿ.

ಇದನ್ನೆಲ್ಲ ನೋಡಿ ಬೇಸತ್ತು ಕೆಲವರು ‘ಆರ್‌ಎಂ -ಆರ್‌ಎಫ್ /ಇಟಿಸಿ/ಎಂಜಿನ್‌ಎಕ್ಸ್’ ಅಂತ ಕೈಯಾರೆ ಅಳಿಸಿಬಿಡುತ್ತಾರೆ. ಆಮೇಲೆ ತಿರುಗಿ ಇನ್‌ಸ್ಟಾಲ್ ಮಾಡಿದರೆ ಕಾನ್ಫಿಗ್ ಫೈಲ್‌ಗಳು ಬರುವುದೇ ಇಲ್ಲ! ಡಿಪಿಕೆಜಿ ಲೆಕ್ಕದಲ್ಲಿ ಆ ಫೈಲ್‌ಗಳು ಇನ್ನೂ ಇವೆ. ಯಜಮಾನರು ಬೇಕಂತಲೇ ಅಳಿಸಿದ್ದಾರೆ ಅಂದುಕೊಂಡು ಅದು ಗೌರವದಿಂದ ಸುಮ್ಮನಿರುತ್ತದೆ. ಈ ಗಂಟಿಗೆ ಸಿಕ್ಕಿದ್ದರೆ ಎಂಜಿನ್‌ಎಕ್ಸ್, ಎಂಜಿನ್‌ಎಕ್ಸ್-ಕಾಮನ್ ಎರಡನ್ನೂ ಪರ್ಜ್ ಮಾಡಿ ಮತ್ತೆ ಹಾಕಿ. ಲೆಕ್ಕ ಸರಿಹೋಗುತ್ತದೆ, ಫೈಲ್‌ಗಳು ಬರುತ್ತವೆ.

ಆಟೋರಿಮೂವ್ ಬಗ್ಗೆ ಒಂದು ಮಾತು. ಅದರ ಪಟ್ಟಿಯಲ್ಲಿ ನಿಮಗೆ ಬೇಕಾದ್ದು ಕಂಡರೆ ಎನ್ ಒತ್ತಿ, ‘ಸುಡೊ ಆಪ್ಟ್-ಮಾರ್ಕ್ ಮ್ಯಾನುಯಲ್’ ಜೊತೆಗೆ ಆ ಹೆಸರು ಕೊಡಿ. ಇದು ನಾನೇ ಕೇಳಿ ಹಾಕಿಸಿಕೊಂಡಿದ್ದು ಅಂತ ಬರೆದುಕೊಳ್ಳುತ್ತದೆ, ಮತ್ತೆ ಮುಟ್ಟುವುದಿಲ್ಲ. ಇನ್ನು ‘ಯೆಸ್, ಡೂ ಆ್ಯಸ್ ಐ ಸೇ!’ ಅಂತ ಟೈಪ್ ಮಾಡಿ ಅಂತ ಆಪ್ಟ್ ಕೇಳಿದರೆ, ಟೈಪ್ ಮಾಡಬೇಡಿ. ಸಿಸ್ಟಮ್ ನಿಂತಿರುವ ಕಂಬವನ್ನೇ ತೆಗೆಯಲು ಹೊರಟಿದ್ದೀರಿ ಅಂತ ಅದು ಹೇಳುತ್ತಿದೆ.

ಪರ್ಜ್ ಆದ ಮೇಲೂ ಕೆಲವು ಉಳಿಯುತ್ತವೆ. ‘ಡೈರೆಕ್ಟರಿ ನಾಟ್ ಎಂಪ್ಟಿ ಸೋ ನಾಟ್ ರಿಮೂವ್ಡ್’ ಅಂತ ಎಚ್ಚರಿಕೆ ಬಂದಿದ್ದರೆ ಅದರೊಳಗೆ ನೀವಿಟ್ಟ ಫೈಲ್‌ಗಳಿವೆ. ಪ್ಯಾಕೇಜ್ ಸೃಷ್ಟಿಸಿದ ಬಳಕೆದಾರ ಖಾತೆ, ನೀವು ತೆರೆದ ಫೈರ್‌ವಾಲ್ ಪೋರ್ಟ್, ಕ್ರಾನ್‌ಟ್ಯಾಬ್‌ನಲ್ಲಿ ಬರೆದ ಸಾಲು, ಇವನ್ನು ನೀವೇ ನೋಡಿಕೊಳ್ಳಬೇಕು. ಆರ್‌ಸಿ ಸ್ಥಿತಿಯಲ್ಲಿ ಬಿದ್ದಿರುವ ಹಳೆ ಹೆಸರುಗಳನ್ನು ‘ಆಪ್ಟ್ ಲಿಸ್ಟ್ ~ಸಿ’ ತೋರಿಸುತ್ತದೆ. ಪಟ್ಟಿ ಓದಿದ ಮೇಲೆ ‘ಸುಡೊ ಆಪ್ಟ್ ಪರ್ಜ್ ~ಸಿ’ ಅವನ್ನು ಒಟ್ಟಿಗೆ ಗುಡಿಸುತ್ತದೆ.

ರೆಡ್ ಹ್ಯಾಟ್ ಕಡೆ

ರೆಡ್ ಹ್ಯಾಟ್, ಆಲ್ಮಾ, ರಾಕಿ, ಫೆಡೋರಾಗಳಲ್ಲಿ ಆರ್‌ಪಿಎಂ ಡಿಪಿಕೆಜಿಯ ಜಾಗದಲ್ಲಿದೆ, ಡಿಎನ್‌ಎಫ್ ಆಪ್ಟ್‌ನ ಜಾಗದಲ್ಲಿದೆ. ಹಳಬರು ‘ಯಮ್’ ಅಂತಲೇ ಹೊಡೆಯುತ್ತಾರೆ. 2019ರ ರೆಡ್ ಹ್ಯಾಟ್ 8ರಿಂದ ಅದು ಡಿಎನ್‌ಎಫ್‌ಗೇ ಹೋಗಿ ಸೇರುತ್ತದೆ. ‘ಡಿಎನ್‌ಎಫ್ ಇನ್‌ಸ್ಟಾಲ್’, ‘ಡಿಎನ್‌ಎಫ್ ರಿಮೂವ್’ ಊಹಿಸಿದ ಹಾಗೇ ಇವೆ. ಅಪಾಚಿಯ ಹೆಸರು ಮಾತ್ರ ಇಲ್ಲಿ ‘ಎಚ್‌ಟಿಟಿಪಿಡಿ’.

ಇಲ್ಲಿ ಹಾಕಿದ ಸರ್ವಿಸ್ ಸಾಮಾನ್ಯವಾಗಿ ತಾನಾಗಿ ಏಳುವುದಿಲ್ಲ. ‘ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಎಚ್‌ಟಿಟಿಪಿಡಿ’ ನೀವೇ ಕೊಡಬೇಕು. ಫೈರ್‌ವಾಲ್‌ನಲ್ಲೂ ದಾರಿ ಬಿಡಬೇಕು. ತೆಗೆಯುವಾಗ ಬೇಡವಾದ ಅವಲಂಬನೆಗಳನ್ನು ಡಿಎನ್‌ಎಫ್ ಅದೇ ಏಟಿಗೆ ತೆಗೆಯುತ್ತದೆ, ಹಾಗಾಗಿ ಪಟ್ಟಿ ಉದ್ದವಿರುತ್ತದೆ. ಪರ್ಜ್ ಅನ್ನುವುದಿಲ್ಲ. ನೀವು ತಿದ್ದಿದ ಕಾನ್ಫಿಗ್ ಫೈಲ್ ‘.ಆರ್‌ಪಿಎಂಸೇವ್’ ಅನ್ನುವ ಹೆಸರಿನಲ್ಲಿ ಉಳಿಯುತ್ತದೆ.

ಡೆಬಿಯನ್‌ನವನಾದ ನನಗೆ ಹೊಟ್ಟೆಕಿಚ್ಚು ಬರುವುದು ಇದರ ಮೇಲೆ:

ಸುಡೊ ಡಿಎನ್‌ಎಫ್ ಹಿಸ್ಟರಿ
ಸುಡೊ ಡಿಎನ್‌ಎಫ್ ಹಿಸ್ಟರಿ ಅಂಡೂ 42

ಮೊದಲನೆಯದು ಮಾಡಿದ ಕೆಲಸಗಳನ್ನೆಲ್ಲ ಸಂಖ್ಯೆ ಹಾಕಿ ತೋರಿಸುತ್ತದೆ. ಎರಡನೆಯದು ಆ ಸಂಖ್ಯೆಯ ಕೆಲಸವನ್ನು ಹಿಂದಕ್ಕೆ ತಿರುಗಿಸುತ್ತದೆ. ಪ್ಯಾಕೇಜ್‌ಗಳು ಮಾತ್ರ ಹಿಂದಕ್ಕೆ ಬರುತ್ತವೆ, ಅಳಿಸಿದ ಡೇಟಾ ಬರುವುದಿಲ್ಲ.

ಹೊರಗಿನ ರೆಪಾಸಿಟರಿ

ಹೊಸ ಆವೃತ್ತಿ ಬೇಕು ಅಂತ ಸಾಫ್ಟ್‌ವೇರ್‌ನವರದ್ದೇ ರೆಪಾಸಿಟರಿ ಸೇರಿಸುವುದು ಮಾಮೂಲು. ಅವರ ಸಹಿಯ ಕೀಲಿಯನ್ನು /ಇಟಿಸಿ/ಆಪ್ಟ್/ಕೀರಿಂಗ್ಸ್ ಒಳಗಿಟ್ಟು, ಸೋರ್ಸ್ ಫೈಲ್‌ನಲ್ಲಿ ‘ಸೈನ್ಡ್-ಬೈ’ ಮೂಲಕ ಆ ರೆಪಾಸಿಟರಿಗೆ ಮಾತ್ರ ಆ ಕೀಲಿ ಅಂತ ಕಟ್ಟಿಹಾಕಿ. ಹಳೆ ಲೇಖನಗಳ ‘ಆಪ್ಟ್-ಕೀ’ ಬೇಡ. ಅದು ಹಾಕಿದ ಕೀಲಿಯನ್ನು ಆಪ್ಟ್ ಎಲ್ಲ ರೆಪಾಸಿಟರಿಗೂ ಒಪ್ಪಿಕೊಳ್ಳುತ್ತದೆ. ‘ಕರ್ಲ್’ನಿಂದ ತಂದ ಸ್ಕ್ರಿಪ್ಟ್ ಅನ್ನು ನೇರವಾಗಿ ‘ಸುಡೊ ಬ್ಯಾಶ್’ ಬಾಯಿಗೆ ಸುರಿಯುವ ಬದಲು ಫೈಲ್‌ಗೆ ಇಳಿಸಿಕೊಂಡು ಒಮ್ಮೆ ಕಣ್ಣಾಡಿಸಿ.

ಸಾಫ್ಟ್‌ವೇರ್ ತೆಗೆದಾಗ ಈ ರೆಪಾಸಿಟರಿ ತಾನಾಗಿ ಹೋಗುವುದಿಲ್ಲ. /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಒಳಗಿನ ಆ ಫೈಲ್, ಜೊತೆಗೆ ಕೀಲಿ, ಎರಡನ್ನೂ ನೀವೇ ಅಳಿಸಿ. ಆಮೇಲೆ ‘ಸುಡೊ ಆಪ್ಟ್ ಅಪ್‌ಡೇಟ್’ ಕೊಡಿ. ಇಆರ್‌ಆರ್ ಸಾಲು ಒಂದೂ ಇರಬಾರದು.

ಏನು ಯಾವಾಗ ಬಂತು ಅಂತ ಮುಂದೆ ಅನುಮಾನ ಬಂದರೆ /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್ ತೆರೆಯಿರಿ. ದಿನಾಂಕ, ಕೊಟ್ಟ ಕಮಾಂಡ್, ಕೊಟ್ಟವರ ಲಾಗಿನ್ ಹೆಸರು, ಬಂದ ಪ್ಯಾಕೇಜ್‌ಗಳು ಎಲ್ಲ ಅದರಲ್ಲಿರುತ್ತವೆ. ಜೊತೆಗೆ ಬಂದವುಗಳ ಮುಂದೆ ‘ಆಟೊಮ್ಯಾಟಿಕ್’ ಅಂತ ಬರೆದಿರುತ್ತದೆ. ಅಪಾಚಿಯನ್ನು ಹಾಕಿದ್ದು ಯಾರು ಅಂತ ಆ ದಿನ ನಾನು ಹುಡುಕಿದ್ದೂ ಇಲ್ಲೇ. ಲಾಗಿನ್ ಹೆಸರು ನನ್ನದೇ ಇತ್ತು.